ಸಿಪ್ಯಾಪ್ ನಿಮ್ಮದಾಗುತ್ತದೆ, ಆಕ್ಸಿಜನ್ ಮಷೀನ್ ಆಗುವುದಿಲ್ಲ

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಒರಿಜಿನಲ್ ಮೆಡಿಕೇರ್‌ನಲ್ಲಿ ಮನೆಯಲ್ಲಿ ಬಳಸುವ ವೈದ್ಯಕೀಯ ಸಾಮಾನು ಬಾಡಿಗೆಯೋ ಸ್ವಂತವೋ ಅನ್ನುವುದು ಬಹುಪಾಲು ನಮ್ಮ ಕೈಯಲ್ಲಿಲ್ಲ. ಸಾಮಾನು ಯಾವುದು ಅನ್ನುವುದರ ಮೇಲೆ ನಿಂತಿದೆ.

ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕ್ ಮೂಲಕ ಗಾಳಿ ಒತ್ತಿ ಕೊಡುವ ಮಷೀನ್ ಆದ ಸಿಪ್ಯಾಪ್‌ಗೆ 13 ತಿಂಗಳು ಬಾಡಿಗೆ, ಆಮೇಲೆ ಅದು ನಿಮ್ಮದೇ. ಆದರೆ ಮೊದಲ 3 ತಿಂಗಳು ಪರೀಕ್ಷೆಯ ಕಾಲ. ಮಾಸ್ಕ್ ಮೂಗಿಗೆ ಒತ್ತುತ್ತದೆ ಅಂತ ಸುಮ್ನೆ ಮೂಲೆಗಿಟ್ಟರೆ ಮೆಡಿಕೇರ್ ಹಣ ಕೊಡುವುದನ್ನು ನಿಲ್ಲಿಸಬಹುದು.

ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಒದಗಿಸುವ ಮಷೀನ್, ಅಂದರೆ ಆಕ್ಸಿಜನ್ ಕಾನ್ಸಂಟ್ರೇಟರ್ ಕಥೆ ಬೇರೆ. 36 ತಿಂಗಳು ಬಾಡಿಗೆ. ನಂತರದ 24 ತಿಂಗಳು ಬಾಡಿಗೆಯಿಲ್ಲ, ಆದರೂ ಮಷೀನ್ ಕೊಟ್ಟ ಕಂಪನಿಯವರೇ ನೋಡಿಕೊಳ್ಳಬೇಕು. ಮಷೀನ್ ಮಾತ್ರ ಕೊನೆವರೆಗೂ ಅವರದೇ. ನನಗಂತೂ ಇದೇ ವಾಸಿ ಅನಿಸುತ್ತದೆ. ಕೆಟ್ಟರೆ ರಿಪೇರಿ ತಲೆನೋವು ಅವರದು, ಅಲ್ವಾ?

ಎರಡರಲ್ಲೂ ವರ್ಷದ ಡಿಡಕ್ಟಿಬಲ್ (ಮೊದಲು ನೀವೇ ಕಟ್ಟಬೇಕಾದ ಮೊತ್ತ) ಮುಗಿದ ಮೇಲೆ, ಮೆಡಿಕೇರ್ ಒಪ್ಪಿದ ದರದಲ್ಲಿ ಶೇ. 20 ನಿಮ್ಮ ಜೇಬಿನದು. ಊರುಗೋಲು, ವಾಕರ್‌ನಂಥ ಅಗ್ಗದ ಸಾಮಾನಿಗೆ ಆಯ್ಕೆ ನಿಮಗಿದೆ. ಕೊಂಡುಬಿಡಿ.