ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಕೋರ್ಸ್: ಹಣ ಕಟ್ಟುವ ಮುನ್ನ ಇದನ್ನು ಓದಿ

ಪಿಯುಸಿ ಫಲಿತಾಂಶ ಪ್ರಕಟವಾದ ವಾರದಲ್ಲಿಯೇ ನಮ್ಮ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದ ಸುತ್ತಮುತ್ತ ‘ಒಂದೇ ವರ್ಷದಲ್ಲಿ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಆಗಿ, ನೂರಕ್ಕೆ ನೂರು ಉದ್ಯೋಗ ಖಚಿತ’ ಎಂಬ ಫಲಕಗಳು ಕಾಣಿಸಿಕೊಳ್ಳುತ್ತವೆ. ವೈದ್ಯಕೀಯ ಸೀಟು ಸಿಗದ ನನ್ನ ತಂಗಿ ಅಂಥದೊಂದು ಖಾಸಗಿ ಸಂಸ್ಥೆಗೆ ಸೇರಿ, ಎಂಬತ್ತೈದು ಸಾವಿರ ರೂಪಾಯಿ ಶುಲ್ಕ ತೆತ್ತು, ಪ್ರಮಾಣಪತ್ರವನ್ನೂ ಪಡೆದಳು. ಅದನ್ನು ನಂಬಿಕೊಂಡು ಸ್ಕ್ಯಾನಿಂಗ್ ಮಾಡಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂಬುದು, ಕೆಲಸ ಕೇಳಿಕೊಂಡು ಹೋದ ಆಸ್ಪತ್ರೆಯೊಂದರ ರೇಡಿಯಾಲಜಿಸ್ಟ್ ವಿವರಿಸಿ ಹೇಳಿದಾಗ ನಮಗೆ ತಿಳಿಯಿತು.

ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು 1994ರಲ್ಲಿ ರೂಪುಗೊಂಡು, 1996ರ ಜನವರಿಯಿಂದ ಜಾರಿಗೆ ಬಂದು, 2003ರಲ್ಲಿ ತಿದ್ದುಪಡಿಗೊಂಡು ಇನ್ನಷ್ಟು ಬಿಗಿಯಾದ ಕಾಯ್ದೆಯನ್ನು ಎಲ್ಲರೂ ಪಿಸಿಪಿಎನ್‌ಡಿಟಿ ಕಾಯ್ದೆ ಎಂದೇ ಕರೆಯುತ್ತಾರೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೈಮೇಲೆ ಆಡಿಸುವ ಉಪಕರಣವನ್ನು (ಪ್ರೋಬ್) ಹಿಡಿಯುವವರು ಸ್ತ್ರೀರೋಗ ತಜ್ಞರೋ, ರೇಡಿಯಾಲಜಿಸ್ಟರೋ, ನಿಯಮದಲ್ಲಿ ಹೇಳಿರುವ ತರಬೇತಿ ಪಡೆದ ನೋಂದಾಯಿತ ವೈದ್ಯರೋ ಆಗಿರಬೇಕು ಎಂಬುದು ಅದರ ನಿಯಮಾವಳಿಯ ಸಾರ. 2014ರ ನಿಯಮಗಳಲ್ಲಿ ಬರುವ ಆರು ತಿಂಗಳ ತರಬೇತಿಯೂ ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ ಮೀಸಲಾದದ್ದೇ ಹೊರತು ಪಿಯುಸಿ ಮುಗಿಸಿದವರಿಗಲ್ಲ. ನಿಗದಿತ ಅರ್ಹತೆ ಇಲ್ಲದವರನ್ನು ಸಂಬಳಕ್ಕಾಗಲಿ, ಸಂಬಳವಿಲ್ಲದೆಯಾಗಲಿ ಅಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಅಮೆರಿಕದಲ್ಲಿ ಸೋನೋಗ್ರಾಫರ್ ಎಂಬುದು ಸ್ವತಂತ್ರ ವೃತ್ತಿ. ಅಲ್ಲಿ ಬಹುಪಾಲು ಸ್ಕ್ಯಾನ್‌ಗಳನ್ನು ಮಾಡುವವರು ಅವರೇ, ವರದಿ ಬರೆಯುವವರು ವೈದ್ಯರು. ಆ ದೇಶದ ಸಂಬಳವನ್ನೂ ಪದನಾಮವನ್ನೂ ಇಲ್ಲಿನ ಫಲಕದ ಮೇಲೆ ಬರೆದು ಮಕ್ಕಳಿಗೆ ಮಾರಲಾಗುತ್ತಿದೆ.

ತರಬೇತಿಯ ವಿಷಯಕ್ಕೆ ಬಂದರೆ, ಸಂಸ್ಥೆಯ ಕರಪತ್ರದಲ್ಲಿ ಯಂತ್ರದ ಚಿತ್ರವಿತ್ತು, ಕಟ್ಟಡದಲ್ಲಿ ಯಂತ್ರವಿರಲಿಲ್ಲ. ಇದಕ್ಕೂ ಕಾರಣವಿದೆ: ಆ ಕಾಯ್ದೆಯಡಿ ನೋಂದಣಿ ಆಗದವರಿಗೆ ಅಲ್ಟ್ರಾಸೌಂಡ್ ಯಂತ್ರವನ್ನು ಮಾರುವುದೇ ನಿಷಿದ್ಧ. ಹೀಗಾಗಿ ವರ್ಷದ ಮೊದಲರ್ಧ ಗೋಡೆಗೆ ತೂಗುಹಾಕಿದ ಚಿತ್ರಪಟಗಳನ್ನೂ ಮೊಬೈಲ್ ವಿಡಿಯೊಗಳನ್ನೂ ನೋಡುವುದರಲ್ಲಿಯೇ ಕಳೆಯಿತು. ಆನಂತರ ‘ಪ್ರಾಯೋಗಿಕ ತರಬೇತಿ’ ಎಂದು ತಾಲ್ಲೂಕಿನ ಒಂದು ನರ್ಸಿಂಗ್ ಹೋಮಿಗೆ ಕಳುಹಿಸಿದರು. ಅಲ್ಲಿ ಅವಳು ಮಾಡಿದ್ದು ಟೋಕನ್ ಕೊಡುವುದು, ಜೆಲ್ ಒರೆಸುವುದು, ರಿಜಿಸ್ಟರ್ ಬರೆಯುವುದು. ಇಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗಬಹುದಿತ್ತು. ವೈದ್ಯರು ಊರಿನಲ್ಲಿಲ್ಲದ ಒಂದು ದಿನ, ಅವರು ಮೊದಲೇ ಸಹಿ ಹಾಕಿಟ್ಟಿದ್ದ ‘ಎಫ್’ ನಮೂನೆಗಳನ್ನು ಕೈಗಿತ್ತು, ಹೊರಗೆ ಕುಳಿತಿದ್ದ ಗರ್ಭಿಣಿಯರಿಗೆ ನೀನೇ ಸ್ಕ್ಯಾನ್ ಮಾಡಿಬಿಡು ಎಂದು ಅಲ್ಲಿನ ವ್ಯವಸ್ಥಾಪಕರು ಹೇಳಿದರು. ಅವಳು ಹೆದರಿ ಮನೆಗೆ ಬಂದಳು, ಅದೇ ಒಳ್ಳೆಯದಾಯಿತು.

ಗರ್ಭಿಣಿಗೆ ಮಾಡುವ ಪ್ರತಿಯೊಂದು ಸ್ಕ್ಯಾನಿಗೂ ತುಂಬಬೇಕಾದ ಆ ‘ಎಫ್’ ನಮೂನೆಯಲ್ಲಿ ಕಂಡುಬರುವ ಕೊರತೆಯನ್ನೂ ತಪ್ಪನ್ನೂ, ಸ್ಕ್ಯಾನ್ ಮಾಡಿದವರು ಹಾಗಲ್ಲವೆಂದು ರುಜುವಾತುಪಡಿಸದ ಹೊರತು, ಕಾಯ್ದೆಯ ಉಲ್ಲಂಘನೆಯೆಂದೇ ಪರಿಗಣಿಸಲಾಗುತ್ತದೆ. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆ, ಅಪರಾಧ ಜಾಮೀನುರಹಿತ. ಮಾಲೀಕರಿಗೆ ಮಾತ್ರವಲ್ಲ, ಅಲ್ಲಿ ಕೆಲಸಕ್ಕಿರುವವರಿಗೂ ಇದು ಅನ್ವಯಿಸುತ್ತದೆ. ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರ ನವೆಂಬರಿನಲ್ಲಿ ಬಯಲಾದಾಗ ಬಂಧಿತರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೂಡ ಇದ್ದುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

‘ಇಲ್ಲಿ ಆಗದಿದ್ದರೆ ದುಬೈ, ಕೆನಡಾ ಇದೆಯಲ್ಲ’ ಎಂಬುದು ಸಂಸ್ಥೆಯವರ ಮುಂದಿನ ಮಾತು. ತಮ್ಮ ಕೋರ್ಸಿಗೆ ಅಮೆರಿಕದ ಎಆರ್‌ಡಿಎಂಎಸ್ ಮಾನ್ಯತೆ ಇದೆ ಎಂದು ಅವರು ಮುದ್ರಿಸಿಕೊಂಡಿದ್ದರು. ಆ ಅಮೆರಿಕದ ಸಂಸ್ಥೆ ಸೋನೋಗ್ರಾಫರ್ ಆಗಬಯಸುವ ವ್ಯಕ್ತಿಗಳಿಗೆ ಪರೀಕ್ಷೆ ನಡೆಸಿ ಅರ್ಹತೆ ನೀಡುತ್ತದೆಯೇ ವಿನಾ ಕಾಲೇಜುಗಳಿಗೆ ಮಾನ್ಯತೆ ಕೊಡುವುದಿಲ್ಲ. ಅದರ ಪರೀಕ್ಷೆಗೆ ಕೂರಲು ಬೇಕಾದ ಓದು ಮತ್ತು ಅನುಭವದ ಷರತ್ತುಗಳು ಚಿತ್ರಪಟ ನೋಡಿ ಪೂರೈಸುವಂಥವಲ್ಲ.

ಇಮೇಜಿಂಗ್ ಕ್ಷೇತ್ರದಲ್ಲಿಯೇ ದುಡಿಯಬೇಕೆಂಬ ಆಸೆಯುಳ್ಳವರಿಗೆ ನೇರವಾದ ದಾರಿ ಇಲ್ಲಿಯೇ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಇದೆ, ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾಗಳಿವೆ. ಇವುಗಳನ್ನು ಓದಿದವರು ಎಕ್ಸ್‌ರೇ, ಸಿಟಿ, ಎಂಆರ್‌ಐ ಯಂತ್ರಗಳನ್ನು ಅಧಿಕೃತವಾಗಿಯೇ ನಡೆಸುತ್ತಾರೆ. ಟೆಕ್ನಿಷಿಯನ್ ಎನಿಸಿಕೊಳ್ಳಲು ಕನಿಷ್ಠ ಎರಡು ವರ್ಷಗಳಲ್ಲಿ ಹರಡಿದ ಎರಡು ಸಾವಿರ ಗಂಟೆಗಳ ಶಿಕ್ಷಣ ಬೇಕೆಂದು 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಹೇಳುವುದರಿಂದ, ‘ಒಂದೇ ವರ್ಷ’ ಎಂದ ಕೂಡಲೇ ಎದ್ದು ಬರಬಹುದು. ಕಾಲೇಜಿನ ಹೆಸರು ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯೇ ಎಂದು ಪೋಷಕರೇ ನೋಡಬೇಕು; ಸಂಸ್ಥೆಯವರು ತೋರಿಸುವ ಹಳೆಯ ಪತ್ರವನ್ನು ನಂಬಬಾರದು.

ರಸೀದಿಯನ್ನೂ ಅಲ್ಲಿಯೇ ನಿಂತು ಓದಿಕೊಳ್ಳಿ. ನಮಗೆ ಕೊಟ್ಟ ರಸೀದಿಯಲ್ಲಿ ಕೋರ್ಸಿನ ಹೆಸರೇ ಇರಲಿಲ್ಲ. ಯಾವುದೋ ಟ್ರಸ್ಟಿಗೆ ಸಲ್ಲಿಸಿದ ‘ಕೌಶಲ ತರಬೇತಿ ದೇಣಿಗೆ’ ಎಂದಿತ್ತು, ಶುಲ್ಕ ಹಿಂದಿರುಗಿಸಿ ಎಂದಾಗ ಅವರು ಮೊದಲು ತೋರಿಸಿದ್ದೂ ಅದನ್ನೇ. ಪ್ರವೇಶದ ವೇಳೆ ಪರಿಶೀಲನೆಗೆಂದು ಪಡೆದ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳನ್ನು, ಪ್ರಮಾಣಪತ್ರ ಕೊಟ್ಟ ಮೇಲೂ ‘ಬಾಕಿ ಶುಲ್ಕ’ದ ನೆಪದಲ್ಲಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಠಾಣೆಯಲ್ಲಿ ಲಿಖಿತ ದೂರು ಕೊಟ್ಟ ಬಳಿಕ ಅಂಕಪಟ್ಟಿಗಳು ಕೈಸೇರಿದವು. ಹಣ ಇನ್ನೂ ಬಂದಿಲ್ಲ.