ಬರೀ ‘ಅಮೌಂಟ್’ ಎಂದು ಬರೆದ ರೀಫಂಡ್ ಟೂಲ್: ಏಜೆಂಟ್ ಕೈಗೆ ಕೊಡುವ ಮುನ್ನ ಓದಿ

ಎಐ ಏಜೆಂಟ್‌ಗೆ (ತಾನಾಗಿ ಕೆಲಸ ಮಾಡಿಮುಗಿಸುವ ಎಐ ಮಾಡೆಲ್) ಹಣ ಮುಟ್ಟುವ ಟೂಲ್, ಅಂದರೆ ಅದು ಕರೆಯಬಲ್ಲ ಪ್ರೋಗ್ರಾಂ, ಕಟ್ಟಿಕೊಡುತ್ತಿರುವವರು ಇದನ್ನು ಓದಿ ಮುಂದುವರಿಯಿರಿ. ಆನ್‌ಲೈನ್ ಅಂಗಡಿಯೊಂದರ ಗ್ರಾಹಕ ಸೇವೆಯ ಏಜೆಂಟ್‌ಗೆ ಎಂಸಿಪಿ (ಎಐ ಮಾಡೆಲ್‌ಗಳಿಗೆ ಹೊರಗಿನ ಟೂಲ್ ಜೋಡಿಸುವ ಮುಕ್ತ ಮಾನದಂಡ) ಸರ್ವರ್ ಮೂಲಕ ಎರಡು ಟೂಲ್ ಕೊಟ್ಟಿದ್ದರು. ಒಂದು ಬ್ಯಾಂಕ್ ಖಾತೆಗೆ ರೀಫಂಡ್ ಮಾಡಲು, ಇನ್ನೊಂದು ಅಂಗಡಿಯದೇ ವಾಲೆಟ್‌ಗೆ ದುಡ್ಡು ಹಾಕಲು. ಮೊದಲನೆಯದರ ವಿವರಣೆ “ರೀಫಂಡ್ ಪ್ರೊಸೆಸ್ ಮಾಡುತ್ತದೆ”, ಎರಡನೆಯದರದು “ಗ್ರಾಹಕರಿಗೆ ಹಣ ಮರಳಿಸುತ್ತದೆ”. ಎರಡರಲ್ಲೂ ಮೊತ್ತ ತುಂಬಲು ‘ಅಮೌಂಟ್’ ಎಂಬ ಪ್ಯಾರಾಮೀಟರ್, ಟೈಪ್ ನಂಬರ್. ಅಷ್ಟೇ.

₹499ರ ಆರ್ಡರ್ ಒಂದು ರದ್ದಾಯಿತು. ಏಜೆಂಟ್ ರೀಫಂಡ್ ಟೂಲ್‌ಗೆ 499 ಕಳಿಸಿತು. ಹಿಂದಿದ್ದ ಪೇಮೆಂಟ್ ಗೇಟ್‌ವೇ (ಹಣ ಪಡೆದು ಮರಳಿಸುವ ಸೇವೆ) ಲೆಕ್ಕ ಹಿಡಿಯುವುದು ಪೈಸೆಯಲ್ಲಿ. ಗ್ರಾಹಕರಿಗೆ ಹೋದದ್ದು ₹4.99. ಟೂಲ್ “ಸಕ್ಸೆಸ್” ಎಂದಿತು, ಏಜೆಂಟ್ “ನಿಮ್ಮ ₹499 ಮರಳಿಸಲಾಗಿದೆ” ಎಂದು ಬರೆದು ಕೈತೊಳೆದುಕೊಂಡಿತು.

ದೂರು ಬಂದ ಮೇಲೆ ಹಾಕಿದ ತೇಪೆ ಇನ್ನೂ ಕೆಟ್ಟದ್ದು. ಟೂಲ್‌ನ ವಿವರಣೆ ಮುಟ್ಟದೆ, ಸಿಸ್ಟಂ ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಮೊದಲೇ ಕೊಟ್ಟಿಡುವ ಸಾಮಾನ್ಯ ಸೂಚನೆ) “ಮೊತ್ತವನ್ನು ಪೈಸೆಯಲ್ಲಿ ಕಳಿಸು” ಎಂದು ಒಂದು ಸಾಲು ಸೇರಿಸಿದರು. ವಾಲೆಟ್ ಟೂಲ್ ಬರೆದದ್ದು ಬೇರೆ ತಂಡ, ಅದಕ್ಕೆ ಬೇಕಾದದ್ದು ರೂಪಾಯಿ. ಇನ್ನೊಂದು ₹499ರ ರದ್ದತಿಗೆ ಏಜೆಂಟ್ ವಾಲೆಟ್ ಟೂಲ್ ಆರಿಸಿ 49900 ಕಳಿಸಿತು. ಗ್ರಾಹಕರು ಕಟ್ಟಿದ್ದಕ್ಕಿಂತ ಹೆಚ್ಚು ಕೇಳಿದರೆ ಗೇಟ್‌ವೇ ಒಪ್ಪುವುದಿಲ್ಲ. ವಾಲೆಟ್‌ಗೆ ಅಂಥ ತಡೆಯೇ ಇರಲಿಲ್ಲ. ಹಾಕಿ ಕೂತಿತು, ನಲವತ್ತೊಂಬತ್ತು ಸಾವಿರದ ಒಂಬೈನೂರು ರೂಪಾಯಿ.

ಮಾಡೆಲ್ ಸರಿಯಿಲ್ಲ ಅನ್ನುವುದು ಸುಲಭ. ಆದರೆ ಎಂಸಿಪಿಯಲ್ಲಿ ಟೂಲ್ ಬಗ್ಗೆ ಮಾಡೆಲ್‌ಗೆ ಮುಖ್ಯವಾಗಿ ಸಿಗುವುದು ಮೂರೇ: ಹೆಸರು, ವಿವರಣೆ, ಇನ್‌ಪುಟ್‌ನ ಜೆಸನ್ ಸ್ಕೀಮಾ (ಯಾವ ಪ್ಯಾರಾಮೀಟರ್, ಯಾವ ಟೈಪ್ ಎಂಬ ಪಟ್ಟಿ). ಕೋಡಿನೊಳಗಿನ ಕಮೆಂಟ್, ವಿಕಿ ಪುಟ, ಗ್ರೂಪಿನಲ್ಲಿ ಯಾರೋ ಹಾಕಿದ “ಪೈಸೇಲಿ ಕಳಿಸ್ರಪ್ಪಾ” ಯಾವುದೂ ಅದಕ್ಕೆ ಕಾಣದು. ಹೊಸದಾಗಿ ಕೆಲಸಕ್ಕೆ ಸೇರಿದವರಾದರೆ ಪಕ್ಕದ ಸೀಟಿನವರನ್ನು ಕೇಳುತ್ತಾರೆ. ಏಜೆಂಟ್ ಬಹಳ ಸಲ ಕೇಳದೆ ಊಹಿಸಿಬಿಡುತ್ತದೆ. ರೇಜರ್‌ಪೇ, ಸ್ಟ್ರೈಪ್‌ನಂಥ ಪೇಮೆಂಟ್ ಕಂಪನಿಗಳ ಎಪಿಐ (ಪ್ರೋಗ್ರಾಂಗಳು ಅವರ ಸೇವೆಯನ್ನು ಕರೆಯುವ ದಾರಿ) ದಾಖಲೆಗಳಲ್ಲಿ ಮೊತ್ತ ಕರೆನ್ಸಿಯ ಅತಿ ಸಣ್ಣ ಘಟಕದಲ್ಲಿ ಎಂದು ಸ್ಪಷ್ಟವಾಗಿಯೇ ಇದೆ. ಆ ಎಪಿಐಯನ್ನು ಕರೆಯುವ ಟೂಲ್ ಬರೆಯುವಾಗ ಆ ಒಂದು ವಾಕ್ಯ ಉದುರಿಹೋಗುತ್ತದೆ. (ಜಪಾನಿನ ಯೆನ್‌ಗೆ ಪೈಸೆಯೇ ಇಲ್ಲ, ಅಲ್ಲಿ 500 ಅಂದರೆ 500 ಯೆನ್. ‘ನೂರರಿಂದ ಗುಣಿಸು’ ಎಂದಷ್ಟೇ ಬರೆದರೂ ಮುಗ್ಗರಿಸುತ್ತೀರಿ.)

ಘಟಕವನ್ನು ಹೆಸರಿನಲ್ಲೇ ಕೂರಿಸಿ: ‘ಅಮೌಂಟ್_ಪೈಸೆ’. ಟೈಪ್ ಇಂಟಿಜರ್ (ಪೂರ್ಣಾಂಕ), ಮಿನಿಮಮ್ 1. ವಿವರಣೆಯಲ್ಲಿ ಉದಾಹರಣೆ ಇರಲಿ: “₹499 ಮರಳಿಸಲು 49900”. ಯಾವಾಗ ಬಳಸಬಾರದು ಎಂಬುದನ್ನೂ ಬರೆಯಿರಿ, ವಾಲೆಟ್ ಟೂಲ್‌ಗಾದರೆ ಹೀಗೆ: “ಗ್ರಾಹಕರು ವಾಲೆಟ್ ಬೇಕೆಂದು ಹೇಳಿದ್ದರೆ ಮಾತ್ರ ಈ ಟೂಲ್; ಉಳಿದಂತೆ ಬ್ಯಾಂಕ್ ರೀಫಂಡ್ ಟೂಲ್ ಬಳಸು”. ಒಂದೇ ಸರ್ವರ್‌ನ ಎಲ್ಲ ಟೂಲ್‌ಗಳಿಗೂ ಒಂದೇ ಘಟಕವಿರಲಿ. “ಸಕ್ಸೆಸ್” ಬದಲು ಟೂಲ್ “₹4.99 ಮರಳಿಸಲಾಗಿದೆ, ಆರ್ಡರ್ ಮೊತ್ತ ₹499.00” ಎಂದು ಉತ್ತರಿಸಿದ್ದರೆ ಏಜೆಂಟ್‌ಗೇ ಎಡವಟ್ಟು ಗೊತ್ತಾಗುತ್ತಿತ್ತು. ಗರಿಷ್ಠ ಮಿತಿ ಮಾತ್ರ ಬರಹಕ್ಕೆ ಬಿಡುವ ವಿಷಯವಲ್ಲ, ಕೋಡಿನಲ್ಲೇ ಇರಬೇಕು.

ಟೈಮ್‌ಔಟ್ ಇನ್ನೊಂದು ಹೊಂಡ. ₹1,200ರ ಆರ್ಡರ್‌ನಲ್ಲಿ ₹400ರ ವಸ್ತು ವಾಪಸ್ ಬಂತು ಎನ್ನಿ. ರೀಫಂಡ್ ಆಗಿದೆ, ಉತ್ತರ ಬರುವಷ್ಟರಲ್ಲಿ ಸಂಪರ್ಕ ಕಡಿಯಿತು. ಬರೀ “ಎರರ್” ಕಂಡ ಏಜೆಂಟ್ ಮತ್ತೆ ಕಳಿಸುತ್ತದೆ. ಒಟ್ಟು ₹800, ಕಟ್ಟಿದ ಹಣದೊಳಗೇ ಇರುವುದರಿಂದ ಗೇಟ್‌ವೇಯೂ ತಡೆಯುವುದಿಲ್ಲ. ಐಡೆಂಪೊಟೆನ್ಸಿ ಕೀ (ಒಂದೇ ವಿನಂತಿ ಎರಡು ಸಲ ಬಂದರೂ ಹಣ ಒಂದೇ ಸಲ ಹೋಗುವಂತೆ ನೋಡಿಕೊಳ್ಳುವ ಗುರುತು) ಬೇಕೇಬೇಕು, ಆದರೆ ಅದನ್ನು ಹುಟ್ಟಿಸುವ ಕೆಲಸ ಏಜೆಂಟ್‌ಗೆ ಕೊಡಬೇಡಿ. ಪ್ರತಿ ಸಲ ಹೊಸದು ಕೊಟ್ಟರೆ ಕೀ ಇದ್ದೂ ಇಲ್ಲದಂತೆ. ವಾಪಸಾತಿ ವಿನಂತಿಯ ಸಂಖ್ಯೆಯಿಂದ ಟೂಲ್‌ನೊಳಗೇ ಕಟ್ಟಿ. ಎರರ್ ಸಂದೇಶ ಹೀಗಿರಲಿ: “ಉತ್ತರ ಬರಲಿಲ್ಲ, ರೀಫಂಡ್ ಆಗಿರಬಹುದು. ಮತ್ತೆ ಕಳಿಸಬೇಡ, ಮೊದಲು ಸ್ಟೇಟಸ್ ನೋಡು”. ಎಂಸಿಪಿಯ ರೀಡ್‌ಓನ್ಲಿ (ಬರೀ ಓದುವ ಟೂಲ್), ಡಿಸ್ಟ್ರಕ್ಟಿವ್ (ಹಾನಿ ಮಾಡಬಲ್ಲ ಟೂಲ್) ಗುರುತುಗಳನ್ನೂ ಹಾಕಿ. ಅವು ಬರೀ ಸೂಚನೆ, ಬೀಗವಲ್ಲ.

ದಿನಾಂಕದ್ದೂ ಇದೇ ಪಾಡು. 03/04/2025 ಏಪ್ರಿಲ್ 3 ಅಥವಾ ಮಾರ್ಚ್ 4. 2025-04-03 ಮಾದರಿಯೇ ಬೇಕೆಂದು ಬರೆದು, ಬೇರೆಯದನ್ನು ಕೋಡಿನಲ್ಲಿ ತಿರಸ್ಕರಿಸಿ. ಸ್ಕೀಮಾದಲ್ಲಿ ‘ಫಾರ್ಮ್ಯಾಟ್: ಡೇಟ್’ ಹಾಕಿದರೆ ಸಾಲದು, ಇನ್‌ಪುಟ್ ಸ್ಕೀಮಾಗೆ ಹೊಂದುತ್ತದೆಯೇ ಎಂದು ನೋಡುವ ಎಷ್ಟೋ ವ್ಯಾಲಿಡೇಟರ್‌ಗಳು ಅದನ್ನು ತಾವಾಗಿ ಪರೀಕ್ಷಿಸುವುದಿಲ್ಲ.

ಬಿಡುಗಡೆಗೆ ಮುನ್ನ ಈ ವಿವರಣೆಗಳನ್ನಷ್ಟೇ ಪ್ರಿಂಟ್ ತೆಗೆದು, ಪ್ರಾಜೆಕ್ಟ್ ಗೊತ್ತಿಲ್ಲದ ಸಹೋದ್ಯೋಗಿಗೆ ಹತ್ತು ಗ್ರಾಹಕ ವಿನಂತಿಗಳ ಜೊತೆ ಕೊಡಿ. ಯಾವ ಟೂಲ್, ಯಾವ ಮೌಲ್ಯ ಎಂದು ಅವರು ಬರೆದುಕೊಡಲಿ. ಅವರು ಕೇಳಿದ ಪ್ರತಿ ಪ್ರಶ್ನೆಯ ಉತ್ತರ ವಿವರಣೆಗೆ ಸೇರಬೇಕು. ಆಮೇಲೆ ಅದೇ ಹತ್ತನ್ನು ಟೆಸ್ಟ್ ಖಾತೆಯಲ್ಲಿ ಏಜೆಂಟ್‌ಗೆ ಕೊಟ್ಟು, ಅದು ಕಳಿಸಿದ ಮೌಲ್ಯಗಳ ಲಾಗ್ ಓದಿ. “ಸಕ್ಸೆಸ್” ಎಷ್ಟು ಎಂದು ಎಣಿಸುತ್ತಾ ಕೂತರೆ ಮೇಲಿನ ₹4.99 ಕೂಡ ಪಾಸೇ.