ಹಳೆ ಲ್ಯಾಪ್‌ಟಾಪ್‌ಗೆ ಉಬುಂಟುವೋ, ಮಿಂಟೋ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್; ಉಬುಂಟು, ಮಿಂಟ್ ಅದರ ಎರಡು ಬಗೆಗಳು. ಲಿನಕ್ಸ್‌ಗೆ ಹೋಗೋಣ ಅಂತಿದ್ದರೆ ಕಾಸರಗೋಡಿನವರಿಗೆ ಒಂದು ಅನುಕೂಲವಿದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಕೈಟ್ ಸಂಸ್ಥೆಯ ಲಿನಕ್ಸ್‌ನಲ್ಲಿ. ಅದನ್ನು ಕಟ್ಟಿದ್ದು ಉಬುಂಟುವಿನ ಮೇಲೆ. ಹಾಗಾಗಿ ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಉಬುಂಟು ಹೊಸದು ಅನಿಸುವುದಿಲ್ಲ. ವಿಂಡೋಸ್‌ಗೇ ಒಗ್ಗಿದ ಅಪ್ಪ ಅಮ್ಮನಿಗೆ ಮಿಂಟ್ ಸುಲಭ. ಮೆನು ಎಡ ಮೂಲೆಯಲ್ಲೇ ಸಿಗುತ್ತದೆ ಅಲ್ವಾ!

ನಿಜವಾದ ವ್ಯತ್ಯಾಸ ಇರುವುದು ಸಾಫ್ಟ್‌ವೇರ್ ಹಾಕಿಕೊಳ್ಳುವಲ್ಲಿ. ಉಬುಂಟು ನಿಮ್ಮನ್ನು ಸ್ನ್ಯಾಪ್ (ಆಪ್‌ಗೆ ಬೇಕಾದ್ದನ್ನೆಲ್ಲ ಒಟ್ಟಿಗೆ ಕಟ್ಟಿ ಕೊಡುವ ಪ್ಯಾಕೇಜ್) ಕಡೆಗೆ ಎಳೆಯುತ್ತದೆ. ಉಬುಂಟು 22.04 ಆವೃತ್ತಿಯಿಂದ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ರೂಪದಲ್ಲೇ ಬರುತ್ತದೆ. ಹಳೆ ಹಾರ್ಡ್ ಡಿಸ್ಕ್‌ನಲ್ಲಿ ಮೊದಲ ಸಲ ತೆರೆಯಲು ಜಾಸ್ತಿ ಹೊತ್ತು ಬೇಕು. ಮೇಲಾಗಿ ಸ್ನ್ಯಾಪ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ಪೆರ್ಲ, ಬದಿಯಡ್ಕ ಕಡೆ ಮೊಬೈಲ್ ಹಾಟ್‌ಸ್ಪಾಟ್ ನಂಬಿದವರ ಡೇಟಾ ಸುಮ್ನೆ ಖಾಲಿ. ಮಿಂಟ್ 2020ರಿಂದ ಸ್ನ್ಯಾಪ್ ದೂರ ಇಟ್ಟು ಅಂಥದ್ದೇ ಇನ್ನೊಂದು ಬಗೆಯ ಪ್ಯಾಕೇಜ್ ಆದ ಫ್ಲ್ಯಾಟ್‌ಪ್ಯಾಕ್ ಕೊಡುತ್ತದೆ. ಅದೇನೂ ಹಗುರವಲ್ಲ, ಮೊದಲ ಆಪ್ ಜೊತೆಗೆ ನೂರಾರು ಎಂಬಿ ಇಳಿಯಬಹುದು. ಮಿಂಟ್‌ನಲ್ಲಿ ಒಂದೇ ಆಪ್ ಎರಡು ರೂಪದಲ್ಲಿ ಕಂಡರೆ ಫ್ಲ್ಯಾಟ್‌ಪ್ಯಾಕ್ ಬಿಟ್ಟು 'ಸಿಸ್ಟಮ್ ಪ್ಯಾಕೇಜ್' ಆರಿಸಿ. ಆವೃತ್ತಿ ಸ್ವಲ್ಪ ಹಳೆಯದಿರಬಹುದು, ಡೌನ್‌ಲೋಡ್ ಮಾತ್ರ ಚಿಕ್ಕದು.

ರ‍್ಯಾಮ್ 4 ಜಿಬಿ ಇದ್ದರೆ ನನ್ನ ಓಟು ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ. 8 ಜಿಬಿ ಇದ್ದರೆ ಯಾವುದಾದರೂ ಆದೀತು. ಕನ್ನಡ ಟೈಪಿಂಗ್‌ಗೆ ಎರಡರಲ್ಲೂ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಸಲಕರಣೆ) ಮೂಲಕ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ. ವಿಂಡೋಸ್‌ಗೆಂದೇ ಮಾಡಿದ ನುಡಿ, ಟ್ಯಾಲಿ ಇಲ್ಲದೆ ಕೆಲಸವೇ ನಡೆಯದು ಅನ್ನುವವರು ವಿಂಡೋಸ್ ಅಳಿಸಬೇಡಿ, ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳಿ.